ಗುಟ್ಟು ಕಾಯುವವಳ ಬಾಯಿ

ಆಪ್ತಸಮಾಲೋಚಕರೆಂಬ ಮಂದಿಯ ಮೇಲೆ ನನಗೆ ಅಂಥ ಗೌರವವೇನಿಲ್ಲ. ಹದಿನಾಲ್ಕು ವರ್ಷಗಳಿಂದ ನಾನೂ ಅವರಲ್ಲೊಬ್ಬಳಾದ್ದರಿಂದ ಧಾರಾಳವಾಗಿ ಬಯ್ಯಬಲ್ಲೆ. ಹುಮನಾಬಾದಿನ ನನ್ನ ಕೋಣೆಯಲ್ಲಿ ಜನ ಹೇಳಿಕೊಂಡ ಒಂದು ಮಾತೂ ನನ್ನ ಗಂಡನ ಕಿವಿಗೆ ಬಿದ್ದಿಲ್ಲ. ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸಂಜೆ ಬಸವಕಲ್ಯಾಣದ ಬಸ್ಸು ಹತ್ತುತ್ತೇನೆ, ಏನೋ ಘನಂದಾರಿ ಕೆಲಸ ಮಾಡಿದವಳಂತೆ. ಆದರೆ ಶಾಲೆಗಳಲ್ಲಿ ಭಾಷಣ ಮಾಡುವಾಗ ಉದಾಹರಣೆ ಬೇಕಲ್ಲ? ಬಂದವರ ಮಾತು ಹೇಳುವಂತಿಲ್ಲ. ಪುಕ್ಕಟೆ ಸಿಗುವವಳು ಮಗಳು ಅಂಬಿಕಾ ಒಬ್ಬಳೇ. ಹೆಸರು ಬದಲಿಸಿ, ಪಕ್ಕದೂರು ಮಂಠಾಳದವಳೆಂದು ಹೇಳಿದರೆ ಮುಗಿಯಿತು. ಅದನ್ನೇ ವೃತ್ತಿಧರ್ಮ ಎಂದುಕೊಂಡಿದ್ದೆ.

ಕಳೆದ ತಿಂಗಳು ಅವಳದೇ ಶಾಲೆಯವರು ಕರೆದರು. ಬರಬೇಡವೆಂದು ಮೂರು ದಿನ ಗೋಗರೆದಳು. ಹರೆಯದ ಸಂಕೋಚ ಎಂದು ನಾನೇ ತೀರ್ಮಾನಿಸಿ, ಇಸ್ತ್ರಿ ಸೀರೆ ಉಟ್ಟು ಹೋದೆ. ಪರೀಕ್ಷೆಯ ಭಯದ ಬಗ್ಗೆ ಹೇಳುತ್ತ, ಮಂಠಾಳದ ಹುಡುಗಿಯೊಬ್ಬಳು ಹತ್ತನೆಯ ತರಗತಿಗೆ ಬಂದರೂ ಅವ್ವನ ಸೆರಗು ಹಿಡಿದೇ ಮಲಗುತ್ತಾಳೆ ಎಂದೆ. ದೀಪಾವಳಿ ರಜೆಯಲ್ಲಿ ನಮ್ಮ ಮನೆಯಲ್ಲೇ ಉಳಿದಿದ್ದ ಮಗಳ ಗೆಳತಿಯೊಬ್ಬಳು ಅಂಬಿಕಾಳತ್ತ ತಿರುಗಿದಳು. ಆಮೇಲೆ ಇಡೀ ತರಗತಿ ತಿರುಗಿ ನಕ್ಕಿತು. ನಾನು ಮಹಾಜಾಣೆ, ನಗುವನ್ನು ಮೆಚ್ಚುಗೆ ಎಂದುಕೊಂಡು ಮುಂದುವರಿಸಿದೆ.

ಅಂದೇ ಮಗಳ ಹಾಸಿಗೆ ಅತ್ತೆಯ ಕೋಣೆಗೆ ಹೋಯಿತು. ನನ್ನೊಡನೆ ಮಾತು ನಿಂತಿತು. ಕಲಿತ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ: ಎದುರು ಕೂತೆ, ದನಿ ತಗ್ಗಿಸಿದೆ, ನಿನಗೆ ಹೇಗನಿಸುತ್ತಿದೆ ಎಂದು ಕೇಳಿದೆ. "ಮಮ್ಮಿ, ಆಫೀಸಿನ ದನಿ ಬ್ಯಾಡ," ಎಂದಳು. ಅತ್ತೆಯಂತೂ ರೊಟ್ಟಿ ಬಡಿಯುತ್ತ, ಊರ ಮಕ್ಕಳ ಮನಸ್ಸು ಓದುವವಳಿಗೆ ಮನೆಯದು ಓದಲು ಬರುವುದಿಲ್ಲವೆಂದು ಗೋಡೆಗೆ ಹೇಳಿದರು. ನಿಜಕ್ಕೂ ಹೆದರಿಬಿಟ್ಟಿದ್ದೆ. ಇವಳು ಇನ್ನು ನನಗೆ ಏನನ್ನೂ ಹೇಳಲಿಕ್ಕಿಲ್ಲ ಅನಿಸಿತು.

ಹತ್ತನೆಯ ದಿನ ಅವಳೇ ಬಂದಳು. "ನಿಮ್ಮಲ್ಲಿ ಬ್ಯಾರೆ ಮೇಡಮ್ ಯಾರರೆ ಅದಾರೇನು? ನನಗ ಮಾತಾಡೋದದ."

ಇದ್ದಳು, ನಾನೇ ತರಬೇತಿ ಕೊಟ್ಟ ಹುಡುಗಿ. ಮಗಳನ್ನು ಹುಮನಾಬಾದಿಗೆ ಕರೆದೊಯ್ದೆ. ಅವರಿಬ್ಬರೂ ಒಳಗೆ, ನಾನು ಹೊರಗಿನ ಬೆಂಚಿನ ಮೇಲೆ. ನೀರು ಕುಡಿಯುವ ನೆಪದಲ್ಲಿ ಎರಡು ಸಲ ಬಾಗಿಲಿಗೆ ಕಿವಿಗೊಟ್ಟೆ. ಹೀಗೆ ನಿಂತ ಎಷ್ಟು ತಾಯಂದಿರನ್ನು ಗದರಿಸಿ ಕೂರಿಸಿದ್ದೇನೋ! ಮುಕ್ಕಾಲು ಗಂಟೆಯ ನಂತರ ಅಂಬಿಕಾ ಮುಖ ತೊಳೆಯಲು ಹೊರಗೆ ಹೋದದ್ದೇ ತಡ, ಒಳಗೆ ನುಗ್ಗಿ, ಏನು ಹೇಳಿದಳೆಂದು ಕೇಳಿದೆ.

"ಅದು ನಿಮಗ ಹೇಳ್ಲಿಕ್ಕ ಬರಂಗಿಲ್ರಿ ಮೇಡಮ್," ಎಂದಳು. "ಹೊರಗ ಕೂಡ್ರಿ."

ಕೂತೆ. ಹಾಳಾದವಳಿಗೆ ಎಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದೇನೆ.