ಅತ್ತೆ ಕೊಟ್ಟ ಹನ್ನೆರಡು ಚಮಚ

"ಚಮಚ ಕಪ್ಪಾದ್ರೆ ಏನಂತೆ, ಮುಖ ಕಪ್ಪಾಗದಿದ್ರೆ ಸರಿ," ಎಂದರು ಮೇಲಿನ ಮನೆಯ ನಿವೃತ್ತ ಮೇಷ್ಟ್ರು, ಡಿಶ್‌ವಾಷರಿನೊಳಗೆ ತಲೆ ತೂರಿಸಿ. "ನಿಮ್ಮತ್ತೆ ಬಂದ್ಮೇಲೆ ಅದೂ ಆಗುತ್ತೆ ಅನ್ನಿ."

ಗ್ರಂಥಪಾಲಕನಿಗೆ ಈ ಸಾಂತ್ವನ ಹಿತವಾಗಲಿಲ್ಲ. ಮದುವೆಯಲ್ಲಿ ಅತ್ತೆ ಕೊಟ್ಟಿದ್ದ ಬೆಳ್ಳಿ ಲೇಪದ ಹನ್ನೆರಡು ಚಮಚಗಳು ಸುಟ್ಟ ಬೆಂಕಿಕಡ್ಡಿಗಳಂತೆ ಬುಟ್ಟಿಯಲ್ಲಿ ನಿಂತಿದ್ದವು. ತವರಿಗೆ ಹೋಗಿದ್ದ ಹೆಂಡತಿ ಸಂಜೆ ಐದಕ್ಕೆ ಬರುವವಳು, ಜೊತೆಗೆ ಅತ್ತೆ. "ನಿನ್ನ ಗಂಡನ್ನ ನಂಬಿ ಒಂದು ಚಮಚಾನೂ ಕೊಡೋ ಹಾಗಿಲ್ಲ," ಎಂದು ಆಕೆ ಹತ್ತು ವರ್ಷದಿಂದ ಮಗಳಿಗೆ ಹೇಳುತ್ತ ಬಂದದ್ದಕ್ಕೆ ಈಗ ಒಂದು ಡಜನ್ ಸಾಕ್ಷಿ.

ಹಾಗಂತ ಅವನು ಅಜಾಗರೂಕನಲ್ಲ. ಓದುವುದೇ ಅವನ ಕಸುಬು. ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಂತು, ಡಿಶ್‌ವಾಷರಿಗೆ ಹಾಕುವ ಪುಡಿ, ಬಿಲ್ಲೆ, ದ್ರವ ಮೂರರ ಲೇಬಲನ್ನೂ ತಯಾರಕರ ವಿಳಾಸದ ಸಮೇತ ಓದಿ, ಮೊಂಡು ಜಿಡ್ಡಿಗೆಂದೇ ಮಾಡಿದ ಉಗ್ರ ಪುಡಿಯನ್ನು ಆರಿಸಿ ತಂದಿದ್ದ. ಓದದೆ ಬಿಟ್ಟದ್ದು ಒಂದೇ, ಡಿಶ್‌ವಾಷರಿನ ಬಾಗಿಲಿಗೆ ಹೆಂಡತಿ ಅಂಟಿಸಿಹೋಗಿದ್ದ ಚೀಟಿ: "ಅಮ್ಮನ ಚಮಚ ಇದ್ರಲ್ಲಿ ಹಾಕ್ಬೇಡಿ. ಹಾಕ್ತೀರಿ ಅಂತ ಗೊತ್ತು, ಅದಕ್ಕೇ ಬರೆದಿದ್ದೀನಿ." ಈಗ ಅದನ್ನು ಕಿತ್ತು ಜೇಬಿಗೆ ತುರುಕಿಕೊಂಡಿದ್ದ.

ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡು ಎದುರುಮನೆಯ ಟೈಲರಮ್ಮನೂ ಬಂದಳು. ಕರೆಯದೆ ಬರುವುದರಲ್ಲಿ ಆಕೆ ಎತ್ತಿದ ಕೈ.

"ವಿನಿಗರಲ್ಲಿ ಕುದಿಸ್ರೀ," ಎಂದರು ಮೇಷ್ಟ್ರು.

"ಟೂತ್‌ಪೇಸ್ಟ್ ಹಾಕಿ ಉಜ್ಜಣ್ಣ," ಎಂದಳು ಟೈಲರಮ್ಮ.

ಕುದಿಸಿದ. ಮೂವರ ಕಣ್ಣಲ್ಲೂ ನೀರು ಬಂತು. ಚಮಚಗಳು ಕಲ್ಲೆದೆಯವು, ಕರಗಲಿಲ್ಲ. ಸಲಹೆಗಾರರು ಮೂಗು ಮುಚ್ಚಿಕೊಂಡು ಹೊರಟ ಮೇಲೆ ಒಬ್ಬನೇ ಕೂತು ಉಜ್ಜಿದ. ಕಪ್ಪು ಹೋಯಿತು, ಹೋಗುವಾಗ ಬೆಳ್ಳಿಯನ್ನೂ ಕರೆದುಕೊಂಡು ಹೋಯಿತು. ಒಳಗಿನ ಹಿತ್ತಾಳೆ ಹಲ್ಲು ಕಿರಿಯಿತು.

ಪಾತ್ರೆ ಅಂಗಡಿಗೆ ಓಡಿದ. ಪುಣ್ಯಕ್ಕೆ, ಹಿಡಿಯ ಮೇಲೆ ಅದೇ ಎಲೆಯ ಚಿತ್ತಾರವಿರುವ ಸ್ಟೀಲ್ ಚಮಚಗಳು ಸಿಕ್ಕವು.

"ಬಗ್ಗಿಸಿ ನೋಡಿ, ಬಗ್ಗಲ್ಲ," ಎಂದ ಅಂಗಡಿಯವ. "ದಿನಾ ಬಳಸಿ, ದಿನಾ ಮೆಷಿನ್ನಿಗೆ ಹಾಕಿ. ನೀವು ಹೋದ್ರೂ ಇವು ಹೋಗಲ್ಲ."

"ಇವತ್ತು ಸಂಜೆ ದಾಟಿದ್ರೆ ಸಾಕಪ್ಪ."

ಹಳೆಯವನ್ನು ಅಂಗಡಿಯ ಚೀಲದ ತಳಕ್ಕೆ ಸೇರಿಸಿ, ಹೊಸವನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಾಗ ಮೇಷ್ಟ್ರು ಮತ್ತೆ ಹಾಜರು. "ಏನ್ರೀ ಇದು, ಫಳಫಳ ಅಂತಿವೆ?"

ಮೇಷ್ಟ್ರಿಗೆ ನಿಜ ಹೇಳುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. "ಅದೇ ಪುಡಿ ಇನ್ನೊಂದ್ಸಲ ಹಾಕ್ದೆ, ಮೇಷ್ಟ್ರೇ. ಮೊದಲ ಸಲ ಕಪ್ಪಾಗುತ್ತೆ, ಎರಡನೇ ಸಲ ಹೊಳೆಯುತ್ತೆ. ಡಬ್ಬಿ ಮೇಲೇ ಬರೆದಿದೆ."

ಅಚ್ಚಾದದ್ದನ್ನೆಲ್ಲ ನಂಬುವ ಮೇಷ್ಟ್ರು ತಲೆದೂಗಿ, ನೆಟ್ಟಗೆ ಎದುರುಮನೆಗೆ ನಡೆದರು.

ಐದಕ್ಕೆ ಸರಿಯಾಗಿ ಅತ್ತೆ ಬಂದರು. ಕನ್ನಡಕವಿಲ್ಲದೆಯೇ ಒಂದು ಚಮಚವನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಅಳಿಯಂದ್ರೇ, ನಾನು ಕೊಟ್ಟಾಗ್ಲೂ ಇವು ಹೀಗೆ ಹೊಳೀತಿರ್ಲಿಲ್ಲ."

ಹತ್ತು ವರ್ಷದಲ್ಲಿ ಮೊದಲ ಹೊಗಳಿಕೆ. ಅವನ ಎದೆ ಕಾದ ಹಾಲಿನಂತೆ ಉಬ್ಬಿತು. ಹೆಂಡತಿ ಮಾತ್ರ ಡಿಶ್‌ವಾಷರಿನ ಬರಿದಾದ ಬಾಗಿಲನ್ನೂ ಗಂಡನ ಮುಖವನ್ನೂ ಒಮ್ಮೆ ನೋಡಿ, ನೀರು ತರಲು ಹೋದಳು.

"ಹೊರಡೋ ಹೊತ್ತಿಗೆ ನನ್ನ ರವಿಕೆ ಹೊಲಿಯೋ ಟೈಲರಮ್ಮ ಫೋನ್ ಮಾಡಿ ಪುಡಿ ವಿಷಯ ಹೇಳಿದ್ರು," ಎನ್ನುತ್ತ ಅತ್ತೆ ಭಾರದ ಚೀಲವೊಂದನ್ನು ಮೇಜಿನ ಮೇಲಿಟ್ಟರು. "ಇವು ನಮ್ಮತ್ತೆ ನನಗೆ ಕೊಟ್ಟಿದ್ದು. ಚಮಚ, ಫೋರ್ಕು, ಎಲ್ಲಾ ಅಪ್ಪಟ ಬೆಳ್ಳಿ. ಮಂಕಾಗಿವೆ. ಎರಡು ಸಲ ಹಾಕಿಬಿಡಿ. ನಿಮ್ಮನ್ನ ನಂಬಿ ತಂದಿದ್ದೀನಿ."

"ಅತ್ತೆ, ಪುಡಿ ಮುಗಿದುಹೋಗಿದೆ," ಎಂದ ಅವನು.

"ಮುಗಿದ್ರೆ ಏನಂತೆ, ನಾನು ತಂದಿದ್ದೀನಲ್ಲ," ಎಂದಿತು ಬಾಗಿಲಿನಿಂದ ಒಂದು ದನಿ. ಮೇಷ್ಟ್ರ ಒಂದು ಕೈಯಲ್ಲಿ ಉಗ್ರ ಪುಡಿಯ ಎರಡು ಡಬ್ಬಿ, ಇನ್ನೊಂದರಲ್ಲಿ ತಮ್ಮ ಮನೆಯ ಬೆಳ್ಳಿ ಲೋಟ.

ಬೆವರು ಒರೆಸಿಕೊಳ್ಳಲು ಅವನು ಜೇಬಿನಿಂದ ಕರವಸ್ತ್ರ ಎಳೆದ. ಜೊತೆಗೆ ಮುದುಡಿದ ಚೀಟಿಯೊಂದು ಹೊರಬಂದು ಅತ್ತೆಯ ಕಾಲ ಬಳಿ ಬಿತ್ತು. ಅತ್ತೆ ಅದನ್ನು ಎತ್ತಿಕೊಂಡು, ಮಡಿಕೆ ಬಿಡಿಸಿ, ತಮ್ಮ ಕೈಚೀಲದಲ್ಲಿ ಕನ್ನಡಕ ಹುಡುಕತೊಡಗಿದರು.