ಸೊಂಟಕ್ಕೆ ನೂರೈವತ್ತು ವ್ಯಾಟ್

ಸಾಣಾಪುರದ ಕ್ರೂಸರ್ ಬಾಲಪ್ಪನ ಅನ್ನಕ್ಕೆ ಕಲ್ಲು ಬಿದ್ದದ್ದು ಒಂದು ಮೊಳೆಯಿಂದ. ಬುಧವಾರ ಬೆಳಿಗ್ಗೆ ಅದು ಅವನ ಗಾಡಿಯ ಹಿಂದಿನ ಗಾಲಿಯನ್ನು ಹೊಕ್ಕಿತು. ಮರಳಿ ಎಂಬ ಊರಿಗೆ ಭತ್ತದ ನಾಟಿಗೆಂದು ಬುತ್ತಿ ಕಟ್ಟಿಕೊಂಡು ನಿಂತಿದ್ದ ಹದಿನಾಲ್ಕು ಹೆಣ್ಣಾಳುಗಳು ಗಾಲಿ ಬಿಚ್ಚುವ ತನಕ ಕಾಯಲಿಲ್ಲ. ಹಿಂದೆಯೇ ಬಂದ ಗಾಳೇಶನ ಕ್ರೂಸರ್ ಹತ್ತಿ ಹೊರಟುಬಿಟ್ಟರು. ಒಂದು ದಿನದ ಮಾತು ತಾನೆ, ಹೋಗಲಿ ಬಿಡು ಎಂದು ಬಾಲಪ್ಪ ಬೀಡಿ ಹಚ್ಚಿದ. ಅವನು ಬಿಡಬಾರದಾಗಿತ್ತು.

ಗುರುವಾರ ಅವರು ಬಾಲಪ್ಪನ ಗಾಡಿಗೇ ಬಂದರು. ಬಂದರು ಅಷ್ಟೆ, ಮುಖದಲ್ಲಿ ಕಳೆಯಿರಲಿಲ್ಲ. ಮರಳಿಯ ಗದ್ದೆಯ ಬದುವಿನಲ್ಲಿ ಎಲ್ಲರೂ ಇಳಿದ ಮೇಲೆ ಗ್ಯಾಂಗಿನ ಹಿರಿಯಳಾದ ಮುದಕಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟುತ್ತ ಡ್ರೈವರ್ ಬಾಗಿಲ ಬಳಿ ಬಂದು ನಿಂತಳು.

"ಬಾಲಪ್ಪ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಸಂಜಿಗೆ ನಾವು ಗಾಳೇಶನ ಗಾಡಿಯೊಳಗ ಹೋಗ್ತೀವಿ. ನಾಳಿಂದನೂ ಅವನ ಗಾಡೀನ."

"ಯಾಕಬೇ ಯವ್ವ, ನಾ ಏನರ ಅಂದ್ನೇನು?"

"ನೀ ಏನೂ ಅಂದಿಲ್ಲೋ ಯಪ್ಪಾ. ದಿನಾ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗೈತಿ. ನಿನ್ನೆ ಅವನ ಗಾಡಿಯೊಳಗ ಕುಂತು ಮನಿ ಮುಟ್ಟೂದ್ರೊಳಗ ನೋವು ಇಲ್ಲದಂಗಾತು. ಹಿಂದಿನ ಸೀಟಿನ ಬುಡಕ ಹಾಡಿನ ಡಬ್ಬಿ ಇಟ್ಟಾನ ನೋಡು, ಕೆಳಗಿಂದ ಯಾರೋ ಗುದ್ದಿ ಗುದ್ದಿ ಒತ್ತಿದಂಗ ಆಗ್ತೈತಿ. ಈ ಕಳಕಮ್ಮ ನಿನ್ನೆ ಮಗ್ಗಲಾ ಹೊಳ್ಳಿ ಮಲಗ್ಯಾಳ. ಮೂರು ವರ್ಷದಾಗ ಮೊದಲನೇ ಸಲ."

ಮುದಕಮ್ಮನ ಹಿಂದೆ ನಿಂತಿದ್ದ ಕಳಕಮ್ಮ ಸಾಕ್ಷಿಗೆಂಬಂತೆ ಸೊಂಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ತೋರಿಸಿದಳು.

ಕಾಲುವೆಗೆ ನೀರು ಬಿಟ್ಟ ಮೇಲೆ ಆ ಸೀಮೆಯಲ್ಲಿ ಎಂತೆಂಥ ಸಾಹುಕಾರರೂ ಮುದಕಮ್ಮನ ಫೋನಿಗೆ ಕಾಯುತ್ತಾರೆ. ಅವಳ ಗ್ಯಾಂಗು ಕೂತ ಗಾಡಿಗೆ ನಾಟಿ ಮುಗಿಯುವ ತನಕ ಒಂದು ದಿನ ಬಿಡುವಿಲ್ಲ. ಅದು ಕೈಬಿಟ್ಟರೆ ಬಾಲಪ್ಪನಿಗೆ ಉಳಿಯುವುದು ಗಾಡಿ ತೊಳೆಯುವ ಕೆಲಸ ಒಂದೇ. ಹೆಂಡತಿ ಮಹೇಶ್ವರಿ ಮೊದಲೇ ಹೇಳಿಟ್ಟಿದ್ದಳು: "ಗಾಡಿ ನಿಂತ್ರ ನಾ ನಾಟಿಗೆ ಹೊಂಡ್ತೀನಿ. ನೀನೂ ಬಾ, ಬಗ್ಗಾಕ ಬರ್ತೈತಲ್ಲ." ಹೆಂಡತಿಯ ಪಕ್ಕ ಕೆಸರಿನಲ್ಲಿ ಬಗ್ಗಿ ನಿಂತ ತನ್ನನ್ನು ಊರೆಲ್ಲ ನೋಡುವುದನ್ನು ನೆನೆದೇ ಬಾಲಪ್ಪನ ಸೊಂಟ ಹಿಡಿದುಕೊಂಡಿತು.

"ಮುದಕವ್ವ, ಸಂಜಿ ಐದಕ್ಕ ನನ್ನ ಗಾಡಿಯೊಳಗೂ ಡಬ್ಬಿ ಇರ್ತೈತಿ. ಅವನ ಡಬ್ಬಿಗಿಂತ ಛಲೋದು. ಕುಂತು ನೋಡ್ರಿ, ಆಮ್ಯಾಲೆ ಹೇಳ್ರಿ."

"ಹಂಗಾದ್ರ ನಿನ್ನ ಗಾಡೀನ. ನಾವೇನು ಗಾಳೇಶನ ಮಕಾ ನೋಡಿ ಹೋಗ್ತೀವೇನು?" ಎಂದು ಮುದಕಮ್ಮ ಕೆಸರಿಗಿಳಿದಳು.

ಈ ಮಾತುಕತೆಯನ್ನೆಲ್ಲ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಕೇಳುತ್ತಿದ್ದವನು ಹಂಪಣ್ಣ. ಸಾಣಾಪುರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಬಾಲಪ್ಪನ ಮುಂದಿನ ಸೀಟಿನಲ್ಲಿ ದಿನವೂ ಪುಕ್ಕಟೆ ಕೂತು ಬರುವುದು ಅವನ ರೂಢಿ. ಬದಲಿಗೆ ಅವನು ಸಲಹೆ ಕೊಡುತ್ತಿದ್ದ.

"ಲೇ ಬಾಲ್ಯಾ, ನಾ ಇರೂವಾಗ ನೀ ಯಾಕ ಅಂಜ್ತಿ? ಇಪ್ಪತ್ತು ವರ್ಷ ಮೈಕ್ ಹಾಕೀನಿ. ನಡಿ ಗಂಗಾವತಿಗೆ."

ಗಂಗಾವತಿಯ ಬಸ್ ಸ್ಟ್ಯಾಂಡಿನ ಹಿಂದೆ ಖಾಜಾಸಾಬನ ಅಂಗಡಿ. ಕಾರುಗಳಿಗೆ ಹಾಡಿನ ಡೆಕ್ಕು, ಸ್ಪೀಕರು ಕೂರಿಸುವುದರಲ್ಲಿ ಅವನ ಕೈ ಪಳಗಿತ್ತು. ಬಾಲಪ್ಪ ಗಾಡಿಯ ಇನ್ಶೂರೆನ್ಸ್ ಕಟ್ಟಲೆಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದ ದುಡ್ಡನ್ನು ತೆಗೆದು ಜೇಬಿಗೆ ಹಾಕಿಕೊಂಡ. ಖಾಜಾಸಾಬ ಒಂದು ಸಬ್‌ವೂಫರ್ ತಂದಿಟ್ಟ. ಒಳಗೆ ಅಗಲ ತಟ್ಟೆಯಷ್ಟು ದೊಡ್ಡ ಸ್ಪೀಕರು, ಸುತ್ತ ಕಟ್ಟಿಗೆಯ ಡಬ್ಬಿ. ಅದು ಬಂದ ರಟ್ಟಿನ ಮೇಲೆ ಬೆಂಕಿಯ ಚಿತ್ರ, ಅದರ ಕೆಳಗೆ ಸಾವಿರದ ಇನ್ನೂರು ವ್ಯಾಟ್ ಎಂದು ಬರೆದಿತ್ತು.

"ಇದಕ್ಕ ಸರಿ ಹೊಂದೂ ಅಂಪ್ಲಿಫಾಯರ್ ನಾ ತೋರಸ್ತೀನಿ," ಎಂದ ಖಾಜಾಸಾಬ.

"ಏ, ಸಣ್ಣದು ಕೊಡು," ಎಂದ ಹಂಪಣ್ಣ. "ದೊಡ್ಡ ಸ್ಪೀಕರಿಗೆ ಸಣ್ಣ ಅಂಪ್ಲಿಫಾಯರ್ ಹಾಕಿದ್ರ ಏನ್ ಮಾಡಿದ್ರೂ ಸುಡಂಗಿಲ್ಲ. ಸಣ್ಣ ಹುಡುಗ ದೊಡ್ಡ ಪೈಲ್ವಾನಗ ಹೊಡದ್ರ ಪೈಲ್ವಾನಗ ಏನಾಗ್ತೈತಿ?"

"ಹಂಗಲ್ಲ ಹಂಪಣ್ಣೋರ..."

"ನೀ ಹುಟ್ಟೋದಕ್ಕಿಂತ ಮೊದಲ ನಾ ಮೈಕಿನ ಹಾರ್ನ್ ಕಟ್ಟೀನಿ."

ಖಾಜಾಸಾಬ ಹುಟ್ಟಿ ನಲವತ್ತೈದು ವರ್ಷವಾಗಿತ್ತು. ಆದರೂ ಹಿರಿಯರ ಜೊತೆ ವಾದ ಯಾಕೆಂದು ಅವನು ಕೇಳಿದ್ದನ್ನು ಕೊಟ್ಟು, "ನೀವ ಕುಂದರಿಸ್ಕೊಳ್ರಿ ಹಂಗಾದ್ರ. ಏನರ ಆದ್ರ ನನ್ನ ಕೇಳಬ್ಯಾಡ್ರಿ" ಎಂದ. ಕೂರಿಸುವ ಕೂಲಿಯೂ ಉಳಿಯಿತೆಂದು ಬಾಲಪ್ಪ ಒಳಗೊಳಗೇ ಖುಷಿಪಟ್ಟ.

ಗಾಡಿಯನ್ನು ಅಲ್ಲೇ ಮಿರ್ಚಿ ಭಜಿ ಕರಿಯುವ ಕಾಸೀಮಬೀಯ ಬಂಡಿಯ ಪಕ್ಕ ನಿಲ್ಲಿಸಿದರು. ಹಂಪಣ್ಣ ಚೀಲದಿಂದ ಮೈಕಿನ ಹಳೆಯ ವೈರು ತೆಗೆದು ಹಲ್ಲಿನಿಂದ ಸುಲಿದು, ಅದಕ್ಕೂ ಇದಕ್ಕೂ ಗಂಟು ಹಾಕಿ, ಡಬ್ಬಿಯನ್ನು ಹಿಂದಿನ ಸೀಟಿನ ಕೆಳಗೆ ತಳ್ಳಿದ. ಪೆನ್‌ಡ್ರೈವ್ ಚುಚ್ಚಿ ಹಾಡು ಹಚ್ಚಿದರೆ ಡಬ್ಬಿ ಕೆಮ್ಮಿದ ಹಾಗೆ ಎರಡು ಸದ್ದು ಮಾಡಿತು. ಬಾಲಪ್ಪ ಸೀಟಿನ ಮೇಲೆ ಕೂತು ಸೊಂಟಕ್ಕೇನಾದರೂ ತಾಗುತ್ತದೆಯೇ ಎಂದು ಕಾದ. ಏನೂ ತಾಗಲಿಲ್ಲ.

"ಏರಸು," ಎಂದ ಹಂಪಣ್ಣ. ಬಾಲಪ್ಪ ಏರಿಸಿದ.

ಅಷ್ಟರಲ್ಲಿ ಮಿರ್ಚಿ ತಿನ್ನಲು ಬಂದ ನಾಲ್ಕಾರು ಜನ ಕೈಯಲ್ಲಿ ಪ್ಲೇಟು ಹಿಡಿದುಕೊಂಡೇ ಗಾಡಿಯನ್ನು ಸುತ್ತುವರಿದರು. ಒಬ್ಬ ಆ ಗುಂಡಿ ತಿರುವು ಎಂದ, ಇನ್ನೊಬ್ಬ ಅದರ ಪಕ್ಕದ್ದೂ ತಿರುವು ಎಂದ. ಅವರಲ್ಲಿ ಒಬ್ಬರ ಮನೆಯಲ್ಲೂ ಕಾರಿರಲಿಲ್ಲ. ಇದ್ದ ಮೂರು ಗುಂಡಿಗಳನ್ನೂ ಬಾಲಪ್ಪ ಕೊನೆ ಮುಟ್ಟುವ ತನಕ ತಿರುವಿದ. ಡಬ್ಬಿ ಈಗ ಚರ್ಮ ಹರಿದ ಹಲಗೆಯಂತೆ ಒದರತೊಡಗಿತು.

"ಈಗ ಬಂತು ನೋಡು ದಮ್ಮು," ಎಂದ ಹಂಪಣ್ಣ.

ಐದು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಕಾಸೀಮಬೀ ತನ್ನ ಎಣ್ಣೆ ಸೀದಿತೇನೋ ಎಂದು ಬಾಣಲೆ ಇಣುಕಿದಳು. ಎಣ್ಣೆ ಚೆನ್ನಾಗಿಯೇ ಇತ್ತು. ತಿರುಗಿ ನೋಡಿದರೆ ಕ್ರೂಸರಿನ ಹಿಂಬಾಗಿಲಿಂದ ಹೊಗೆ ಬರುತ್ತಿತ್ತು. ಅವಳು ಯಾರನ್ನೂ ಕೇಳಲಿಲ್ಲ. ಪ್ಲೇಟು ತೊಳೆದ ಬಕೀಟು ಎತ್ತಿ, ಮೆಣಸಿನಕಾಯಿ ತೊಟ್ಟುಗಳ ಸಮೇತ ಡಬ್ಬಿಯ ಮೇಲೆ ಸುರಿದಳು. ಹಾಡು ನಿಂತಿತು, ಹೊಗೆಯೂ ನಿಂತಿತು.

"ಗಾಡಿ ಉಳಸೀನಿ, ಎರಡು ಪ್ಲೇಟ್ ಮಿರ್ಚಿ ತಗೋ," ಎಂದಳು ಕಾಸೀಮಬೀ.

ಬಾಲಪ್ಪ ಹಂಪಣ್ಣನಿಗಾಗಿ ಸುತ್ತ ನೋಡಿದ. ಹಂಪಣ್ಣ ಆನೆಗೊಂದಿ ಬಸ್ಸಿನ ಮೆಟ್ಟಿಲ ಮೇಲಿದ್ದ. "ನನಗೊಂದು ಮೈಕಿನ ಕೆಲಸ ಐತಿ. ಆ ಸ್ಪೀಕರ್ ಕಂಪನೀನ ಸರಿ ಇಲ್ಲ ತಮ್ಮಾ" ಎಂದು ಅಲ್ಲಿಂದಲೇ ಹೇಳಿ ಒಳಗೆ ಹೋದ. ಇಪ್ಪತ್ತು ವರ್ಷದಲ್ಲಿ ಅವನು ಟಿಕೆಟ್ ತೆಗೆಸಿದ್ದು ಅದೇ ಮೊದಲಿರಬೇಕು.

ಗಂಟೆ ಒಂದಾಗಿತ್ತು. ಬಾಲಪ್ಪ ನೀರು ಸೋರುವ ಡಬ್ಬಿಯನ್ನು ಎತ್ತಿಕೊಂಡು ಮತ್ತೆ ಖಾಜಾಸಾಬನ ಅಂಗಡಿಯ ಮುಂದೆ ನಿಂತ.

"ಖಾಜಾಸಾಬ್ರ, ನೀವು ಹೊಡೀರಿ ಬಡೀರಿ, ಐದಕ್ಕ ನನ್ನ ಗಾಡಿಯೊಳಗ ಸೊಂಟ ಒತ್ತೂ ಡಬ್ಬಿ ಇರಬೇಕು. ಇಲ್ಲಂದ್ರ ನಾನೂ ನನ್ನ ಹೇಣ್ತೀನೂ ಕೆಸರಿಗೆ ಇಳೀಬೇಕಾಗ್ತೈತಿ."

ಖಾಜಾಸಾಬ ಡಬ್ಬಿ ಬಿಚ್ಚಿದ. ಕರಕಾದ ತಂತಿಯ ಸುರುಳಿ ತೋರಿಸಿದ. ಆಮೇಲೆ ರಟ್ಟಿನೊಳಗಿದ್ದ ಚೀಟಿ ತೆಗೆದು ಬೆರಳಿಟ್ಟ.

"ಬಾಲಪ್ಪಣ್ಣ, ರಟ್ಟಿನ ಮ್ಯಾಲೆ ದೊಡ್ಡ ಅಕ್ಷರದಾಗ ಬರದಿರೂದು ಮಾರಾಕ. ಒಳಗ ಸಣ್ಣ ಅಕ್ಷರದಾಗ ಬರದಿರೂದು ಹಾಕಾಕ. ಇಲ್ಲಿ ನೋಡ್ರಿ, ಆರ್‌ಎಂಎಸ್ ನೂರೈವತ್ತು."

"ಸಾವಿರದ ಇನ್ನೂರು ಎಲ್ಲಿ ಹೋತ್ರಿ?"

"ಬಾಲ ತಿರುವಿದ್ರ ಎತ್ತು ಒಂದು ಸಲ ಜಿಗೀತೈತಲ್ಲ, ಅದು ಸಾವಿರದ ಇನ್ನೂರು. ಮುಂಜಾನಿಂದ ಸಂಜೀತನಕ ಕುಂಟಿ, ನೇಗಿಲ ಎಳೀತೈತಲ್ಲ, ಅದು ನೂರೈವತ್ತು. ಎತ್ತು ತಗೊಳ್ಳುವಾಗ ಯಾವುದು ನೋಡ್ತೀರಿ?"

"ಮತ್ತ ಸಣ್ಣ ಅಂಪ್ಲಿಫಾಯರಿಗೆ ಸುಡಂಗಿಲ್ಲ ಅಂತ ಹಂಪಣ್ಣ ಅಂದನಲ್ರಿ."

"ಸಣ್ಣದರ ಕೂಡ ಸಣ್ಣಗ ಇದ್ದಿದ್ರ ಸುಡ್ತಿರಲಿಲ್ಲ. ನೀವು ಎಲ್ಲಾ ಗುಂಡೀನೂ ಕೊನೀಗೆ ತಿರುವೀರಿ. ಕೈಲಾಗದ್ದು ಮಾಡು ಅಂದ್ರ ಅದು ಹಾಡು ಕೊಡಂಗಿಲ್ಲ, ತುದಿ ಕತ್ತರಿಸಿದ ಚೀರಾಟ ಕೊಡ್ತೈತಿ. ಆ ಚೀರಾಟಕ್ಕ ಸುರುಳಿ ಕಾಯ್ತೈತಿ, ಸುಡ್ತೈತಿ. ಈ ಗುಂಡಿ ಐತಲ್ಲ, ಇದಕ್ಕ ಗೇನ್ ಅಂತಾರ. ಇದು ಸೌಂಡ್ ಏರಸೂದಲ್ಲ. ಡೆಕ್ಕಿಗೂ ಅಂಪ್ಲಿಫಾಯರಿಗೂ ಹೊಂದಾಣಿಕಿ ಮಾಡೂದು. ಒಮ್ಮೆ ಮಾಡಿದ ಮ್ಯಾಲೆ ಕೈ ಹಚ್ಚಬಾರದು."

ಹಾಗೆ ಹೇಳಿ ಅವನು ಹೊಸ ಸ್ಪೀಕರು ತೆಗೆದ. ಕರೆಂಟು ತಡೆಯುವ ಲೆಕ್ಕದಲ್ಲಿ ಅದು ನಾಲ್ಕು ಓಮಿನದು. ನಾಲ್ಕು ಓಮಿಗೆ ಸರಿಯಾಗಿ ನೂರೈವತ್ತೇ ಕೊಡುವ ಅಂಪ್ಲಿಫಾಯರನ್ನು ಚೀಟಿ ಓದಿ ಆರಿಸಿದ. ಬೆರಳಿನಷ್ಟು ದಪ್ಪದ ವೈರನ್ನು ಬ್ಯಾಟರಿಯಿಂದ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸಿದ. ಡಬ್ಬಿಯನ್ನು ನಾಲ್ಕು ಬೋಲ್ಟು ಹಾಕಿ ಬಿಗಿದ. ಗೇನ್ ಗುಂಡಿಯನ್ನು ಕಿವಿಗೊಟ್ಟು ಕೇಳುತ್ತ ಕೂದಲೆಳೆಯಷ್ಟು ತಿರುವಿ, ಹಾಡು ಒಡೆಯುವ ಮೊದಲೇ ನಿಲ್ಲಿಸಿದ. ಬಾಲಪ್ಪನ ಜೇಬು ಅಷ್ಟು ಹೊತ್ತಿಗೆ ಬರಿದಾಗಿದ್ದರಿಂದ ಗಾಡಿಯ ಸ್ಟೆಪ್ನಿ ಗಾಲಿ ಇಳಿಸಿ ಅಂಗಡಿಯ ಮೂಲೆಗೆ ನಿಲ್ಲಿಸಿದರು. ಉಳಿದದ್ದನ್ನು ತಂದುಕೊಟ್ಟು ಬಿಡಿಸಿಕೊಳ್ಳುವುದೆಂದು ಮಾತಾಯಿತು.

ಹಾಡು ಹಚ್ಚಿದಾಗ ಬಾಲಪ್ಪನಿಗೆ ತನ್ನ ಗಾಡಿಯೇ ಹೌದೋ ಅಲ್ಲವೋ ಅನ್ನಿಸಿತು. ಒಡಕಿಲ್ಲ, ಗದ್ದಲವಿಲ್ಲ. ತಂಪು ಹೊತ್ತಿನಲ್ಲಿ ಬಾವಿಯೊಳಗೆ ಯಾರೋ ದುಂಡಗೆ ಹಾಡಿದ ಹಾಗಿತ್ತು. ಅವನಿಗೆ ಕಣ್ಣಲ್ಲಿ ನೀರೇ ಬಂತು. ಹೋದ ಇನ್ಶೂರೆನ್ಸ್ ದುಡ್ಡಿನ ನೆನಪಾಗಿಯೂ ಸ್ವಲ್ಪ ಬಂದಿರಬಹುದು.

ಐದಕ್ಕೆ ಹತ್ತು ನಿಮಿಷ ಇರುವಾಗಲೇ ಅವನು ಮರಳಿಯ ಬದುವಿನಲ್ಲಿದ್ದ. ಹೆಣ್ಣಾಳುಗಳು ಕಾಲುವೆಯಲ್ಲಿ ಕೈಕಾಲು ತೊಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು ನರಳುತ್ತ ಬಂದು ಗಾಡಿ ಹತ್ತಿದರು. ಡಬ್ಬಿಯ ಮೇಲಿನ ಸೀಟು ಮುದಕಮ್ಮನಿಗೆ, ಅವಳ ಪಕ್ಕ ಕಳಕಮ್ಮ. ಬಾಲಪ್ಪ ಹಾಡು ಹಚ್ಚಿ, ಕನ್ನಡಿಯಲ್ಲಿ ಮುದಕಮ್ಮನ ಮುಖವನ್ನೇ ನೋಡುತ್ತ ಕಾಲುವೆ ದಾರಿಯಲ್ಲಿ ಗಾಡಿ ಬಿಟ್ಟ. ಕಳಕಮ್ಮ ತಲೆದೂಗಿದಳು. ಹಿಂದೆ ಇಬ್ಬರು ದನಿಗೂಡಿಸಿದರು. ಮುದಕಮ್ಮ ಮಾತ್ರ ಕಣ್ಣು ಮುಚ್ಚಿ ಏನನ್ನೋ ಕಾಯುತ್ತಿದ್ದಳು.

"ಹೆಂಗೈತಬೇ ಯವ್ವ?"

"ಹಾಡು ಭಾಳ ಛಲೋ ಅದಾವಪಾ. ಇಂಥಾ ಹಾಡು ನಾ ಕೇಳೇ ಇಲ್ಲ."

"ಸೊಂಟ?"

ಮುದಕಮ್ಮ ಆಚೆ ಸರಿದು ನೋಡಿದಳು, ಈಚೆ ಸರಿದು ನೋಡಿದಳು. "ಸೊಂಟಕ್ಕ ಏನೂ ಗೊತ್ತಾಗವಲ್ದು. ಇರುವಿ ಹರದಾಡಿದಂಗ ಜುಮು ಜುಮು ಅಂತೈತಿ, ಅಷ್ಟ."

ಅದೇ ಹೊತ್ತಿಗೆ ಎದುರಿನಿಂದ ಗಾಳೇಶನ ಕ್ರೂಸರ್ ಬಂತು. ಮುದಕಮ್ಮ ಮೊದಲೇ ಹೇಳಿಟ್ಟಿದ್ದಂತೆ ಗ್ಯಾಂಗನ್ನು ಕರೆದೊಯ್ಯಲು ಖಾಲಿ ಬಂದಿತ್ತು. ಬಾಲಪ್ಪ ಗಾಡಿ ನಿಲ್ಲಿಸಿ ನೆಟ್ಟಗೆ ಅದರ ಹಿಂಬಾಗಿಲಿಗೆ ಹೋದ. ಗಾಳೇಶನ ಡಬ್ಬಿ ಎಷ್ಟು ವ್ಯಾಟಿನದು, ಎಷ್ಟು ಓಮಿನದು ಎಂದು ಚೀಟಿಯನ್ನೇ ಓದಿಬಿಡಬೇಕೆಂದು ಅವನ ಹಟ. ಗಾಳೇಶ ಬೇಡವೆನ್ನುವುದರೊಳಗೆ ಡಬ್ಬಿಯನ್ನು ಹೊರಗೆಳೆದ. ಸ್ಪೀಕರು ಇರಬೇಕಾದಲ್ಲಿ ದುಂಡಗೆ ತೂತಿತ್ತು. ತೂತಿನೊಳಗೆ ಒಂದು ಜಾಕು, ಎರಡು ಪಾನಾ, ಒಂದು ಹಳೇ ಲುಂಗಿ ಇದ್ದವು.

"ಇದೇನೋ ಗಾಳೇಶ?"

ಗಾಳೇಶ ನೆಲ ನೋಡಿದ. "ಯುಗಾದಿಗೇ ಸುಟ್ಟೈತಿ ಮಾರಾಯ. ಮುಂದಿನ ಎರಡು ಸಣ್ಣ ಸ್ಪೀಕರ್ ಅಷ್ಟ ಒದರ್ತಾವ. ಡಬ್ಬಿ ಬಿಸಾಕಾಕ ಮನಸು ಬರಲಿಲ್ಲ."

"ಮತ್ತ ಇವರ ಸೊಂಟ ಒತ್ತಿದ್ದು ಏನು?"

"ಕುಲುಕು ತಡಿಯೂ ಹಿಂದಿನ ಸ್ಪ್ರಿಂಗ್ ಪಾಟಾ ಕಡದು ಎರಡು ತಿಂಗಳಾತು. ಮಾಡಸಾಕ ಆಗಿಲ್ಲ. ದಾರಿಯೊಳಗಿನ ಒಂದೊಂದು ಕಲ್ಲೂ ಸೀಟಿಗೆ ಬಂದು ಗುದ್ದತೈತಿ. ಯಾರರ ಬೈತಾರಂತ ಅಂಜಿದ್ದೆ. ಇವರು ನೋಡಿದ್ರ ಹೊಗಳಾಕತ್ತಾರ. ನಾನೂ ಸುಮ್ಮನಿದ್ದೆ."

ಬಾಲಪ್ಪ ಬಗ್ಗಿ ಗಾಡಿಯ ಬುಡ ನೋಡಿದ. ಆಮೇಲೆ ದನಿ ತಗ್ಗಿಸಿ, "ಎಲ್ಲಿ ಕಡಿಸಿದಿ?" ಎಂದು ಕೇಳಿದ.

"ಅದು ಕಡಸೂದಲ್ಲಪಾ. ತಾನ ಕಡೀಬೇಕು."

ಗಾಡಿಯಿಂದ ಇಳಿದು ಬಂದು ಹಿಂದೆ ನಿಂತಿದ್ದ ಮುದಕಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಮೋಸ ಹೋದೆನೆಂದು ಸಿಟ್ಟು ಬರಬಹುದೆಂದು ಬಾಲಪ್ಪ ಆಸೆಯಿಂದ ನೋಡಿದ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಗಾಳೇಶನ ಗಾಡಿಯನ್ನು ಸುತ್ತಿ ಬಂದಳು.

"ಡಬ್ಬಿ ಆದ್ರೇನು, ಪಾಟಾ ಆದ್ರೇನು. ನೋವು ಹೋಗಬೇಕು ನಮಗ. ಲೇ ಗಾಳೇಶ, ನಾಟಿ ಮುಗಿಯೂತನಕ ಅದನ್ನ ರಿಪೇರಿ ಮಾಡಿಸೀಯಂದ್ರ ನೋಡು. ಹತ್ರೇ, ಎಲ್ಲಾರೂ ಇದರಾಗ ಹತ್ರಿ."

ಹದಿನಾಲ್ಕು ಜನರೂ ಬಾಲಪ್ಪನ ಗಾಡಿಯಿಂದ ಇಳಿದು ಗಾಳೇಶನ ಗಾಡಿ ಹತ್ತಿದರು. ಗಾಳೇಶ ಗಾಡಿ ತಿರುಗಿಸಿಕೊಂಡು ಸಾಣಾಪುರದ ಕಡೆ ಹೊರಟ. ದಾರಿಯ ಮೊದಲ ತಗ್ಗಿಗೇ ಒಳಗಿನಿಂದ "ಹಾಂ, ಬಂತು ನೋಡು" ಎಂದು ಕಳಕಮ್ಮನ ಸಮಾಧಾನದ ದನಿ ಕೇಳಿಸಿತು. ಬಾಲಪ್ಪನಿಗೂ ಊರಿಗೆ ಹೋಗಲು ಅದೊಂದೇ ದಾರಿ. ಖಾಲಿ ಗಾಡಿ ಹಾಕಿಕೊಂಡು ಧೂಳು ಕುಡಿಯುತ್ತ ಹಿಂದೆ ಹೊರಟ. ಮಹೇಶ್ವರಿಗೆ ಏನು ಹೇಳುವುದೆಂಬ ಯೋಚನೆಯಲ್ಲಿ ಹಾಡು ನಿಲ್ಲಿಸುವುದನ್ನೂ ಮರೆತಿದ್ದ.

ಎರಡು ಮೈಲಿ ಕಳೆದಿರಬೇಕು. ಗಾಳೇಶನ ಗಾಡಿಯ ಹಿಂಬಾಗಿಲು ತೆರೆಯಿತು. ಮುದಕಮ್ಮ ಒಂದು ಕೈಯಲ್ಲಿ ಸರಳು ಹಿಡಿದುಕೊಂಡು ತಲೆ ಹೊರಗೆ ಹಾಕಿ ಕೈ ಬೀಸಿದಳು. ಮನಸ್ಸು ಬದಲಾಯಿತೇನೋ ಎಂದು ಬಾಲಪ್ಪನಿಗೆ ಹೋದ ಜೀವ ಬಂದಂತಾಯಿತು. ಕಿಟಕಿಯಿಂದ ಕತ್ತು ಹೊರಹಾಕಿ, "ಏನಬೇ ಯವ್ವ?" ಎಂದು ಕೂಗಿದ.

"ಇವನ ಗಾಡಿಯೊಳಗ ಹಾಡು ಏನೂ ಛಲೋ ಇಲ್ಲೋ ತಮ್ಮಾ. ನೀ ದೂರ ಉಳದ್ರ ನಮಗ ಕೇಳವಲ್ದು. ನಾಳಿಂದ ದಿನಾ ಹಿಂಗ ನಮ್ಮ ಬೆನ್ನ ಹತ್ತಿ ಬಾ. ಈಗ ಸ್ವಲ್ಪ ಸಮೀಪ ಹೊಡಿ."

ಬಾಲಪ್ಪ ಸಮೀಪ ಹೊಡೆದ.