ಜಪಾನಿ ಮುದುಕಿಯ ಪ್ರಶ್ನೆ

ನಾಚಿಕೆ ಸ್ವಭಾವದವರು ಕಡಿಮೆ ಮಾತಾಡುತ್ತಾರೆ ಎಂದು ಜನ ತಿಳಿದುಕೊಂಡಿದ್ದಾರೆ. ಅದು ಸರಿಯಲ್ಲ. ನಾವೂ ಎಲ್ಲರಷ್ಟೇ ಮಾತಾಡುತ್ತೇವೆ, ಆದರೆ ಬೇರೆಯವರ ಬಾಯಿಂದ ಆಡಿಸುತ್ತೇವೆ. ನಮ್ಮೂರ ಕನ್ನಡ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ನನಗೆ ಉತ್ತರ ಬರುತ್ತಿತ್ತು, ಎದ್ದು ನಿಲ್ಲುವುದು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಗಂಗವ್ವನ ಕಿವಿಯಲ್ಲಿ ಹೇಳುತ್ತಿದ್ದೆ, ಅವಳು ಎದ್ದು ಗಟ್ಟಿಯಾಗಿ ಹೇಳುತ್ತಿದ್ದಳು. ಗಂಗವ್ವ ಮುಂದೆ ಪಂಚಾಯ್ತಿ ಸದಸ್ಯೆಯಾದಳು. ನಾನು ಏಳನೆಯ ಇಯತ್ತೆ ಮುಗಿಸಿ ಮದುವೆಯಾದೆ. ನಿಮ್ಮ ಅಜ್ಜ ತಮ್ಮ ಪಾಲಿನ ಮಾತಿನ ಜೊತೆಗೆ ನನ್ನ ಪಾಲಿನದನ್ನೂ ಆಡುತ್ತಿದ್ದರು. ಅರಿವೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ, ನನಗೆ ಏನು ಬೇಕು ಏನು ಬೇಡ ಎಂಬುದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ನನ್ನ ಪಾಲಿನ ಮಾತು ಖರ್ಚಾಗದೆ ಹಾಗೇ ಉಳಿಯತೊಡಗಿತು. ಮಕ್ಕಳೇ, ಅಜ್ಜಿಗೆ ಜಪಾನಿ ಭಾಷೆ ಬರುತ್ತಿತ್ತು ಎಂದು ಪಲ್ಲವಿ ನಿಮಗೆಲ್ಲ ಹೇಳಿ ನಗಿಸುತ್ತಾಳಲ್ಲ, ಅದರ ಪೂರ್ತಿ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ನಾಚಿಕೆಯಾಗುತ್ತದೆ.

ಪಲ್ಲವಿ ಎರಡನೇ ಕ್ಲಾಸಿನಲ್ಲಿದ್ದಾಗ ಅವಳ ತಾಯಿ, ಅಂದರೆ ನನ್ನ ಮಗಳು ಸವಿತಾ, ನನ್ನನ್ನು ದೋಹಾಕ್ಕೆ ಕರೆಸಿಕೊಂಡಳು. ಅಲ್ಲಿ ನಜ್ಮಾ ಎಂಬ ಬಡಾವಣೆಯಲ್ಲಿ ಮಲಯಾಳಿ ದರ್ಜಿಯ ಅಂಗಡಿಯ ಮೇಲೆ ಅವರ ಮನೆ. ಅಳಿಯಂದಿರು ಗ್ಯಾಸ್ ಪ್ಲಾಂಟಿನಲ್ಲಿ ಎಂಜಿನಿಯರು. ನಮ್ಮ ಕಡೆ ಅತ್ತೆಯಾದವಳು ಅಳಿಯಂದಿರ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಈಗಿನವರು ಇದನ್ನೆಲ್ಲ ಬಿಟ್ಟಿದ್ದಾರೆ. ನನಗೆ ಬಿಡುವ ಮನಸ್ಸಾಗಲಿಲ್ಲ. ಮಾತಾಡದಿರುವುದಕ್ಕೆ ಅಷ್ಟು ಒಳ್ಳೆಯ ಪದ್ಧತಿ ಮತ್ತೆಲ್ಲಿ ಸಿಗಬೇಕು? ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ಮಣೆಯ ಮೇಲೆ ಕೂರುತ್ತಿದ್ದೆ. ಅಳಿಯಂದಿರು ಹಾಲ್‌ನಲ್ಲಿ ನೆಲದ ಮೇಲೆ ಊಟಕ್ಕೆ ಕೂತರೆ ನಮ್ಮಿಬ್ಬರ ನಡುವೆ ಒಂದು ನೀರಿನ ತಂಬಿಗೆಯಷ್ಟು ಜಾಗ. "ಸವಿತಾ, ಅವರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎಂದು ನಾನು ಅನ್ನಬೇಕು. "ಸಾಕು ಅಂತ ಹೇಳು" ಎಂದು ಅವರು ಅನ್ನಬೇಕು. ಸವಿತಾ ಎರಡನ್ನೂ ಕೇಳಿಸಿಕೊಂಡು, ಯಾರಿಗೂ ಏನೂ ಹೇಳದೆ ತನ್ನ ಊಟ ಮುಗಿಸುತ್ತಿದ್ದಳು.

ಬಂದ ದಿನವೇ ನಾನೊಂದು ಮಾತು ಆಡಿಬಿಟ್ಟಿದ್ದೆ. ಕೊಟ್ಟ ಮಗಳ ಮನೆಯಲ್ಲಿ ತಾಯಿ ಬಹಳ ದಿನ ಉಂಡುಕೊಂಡಿರುವುದು ನಮ್ಮಲ್ಲಿ ಚೆಂದವಲ್ಲ. ಆದ್ದರಿಂದ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಬರುವಾಗಲೇ, ಒಂದು ತಿಂಗಳಿದ್ದು ಹೋಗುತ್ತೇನೆ ಎಂದು ಮಗಳ ಕಿವಿಯಲ್ಲಿ ಹೇಳಿದ್ದೆ. ಇದು ಉಪಚಾರದ ಮಾತು. ಇದಕ್ಕೆ ಎದುರಿನವರು "ಛೇ, ಅದೆಲ್ಲ ಆಗೂದಿಲ್ಲ" ಅನ್ನಬೇಕು. ನಾವು ಬೇಡ ಬೇಡ ಅನ್ನುತ್ತ ಉಳಿದುಕೊಳ್ಳಬೇಕು. ಆದರೆ ಅಳಿಯಂದಿರು ಎಂಜಿನಿಯರು. ಅತ್ತೆಯ ಮಾತೆಂದರೆ ಆಜ್ಞೆ ಎಂದು ತಿಳಿದು, ಅದೇ ವಾರ ಹೋಗಿ ವಾಪಸ್ಸು ಹೋಗುವ ದಿನವನ್ನು ಖಾಯಂ ಮಾಡಿಸಿಕೊಂಡು ಬಂದರು.

ಇನ್ನು ಆಟದ ವಿಷಯ. ಪ್ಲಾಂಟಿನಲ್ಲಿದ್ದ ಜಪಾನಿ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ವಾಪಸ್ಸು ಹೊರಟಾಗ ಮನೆಯ ಸಾಮಾನು ಮಾರಿದರು. ಅಳಿಯಂದಿರು ಟಿವಿ ಕೊಂಡರು. ಟಿವಿಯ ಜೊತೆಗೆ ಆ ಜಪಾನಿಯವರು ಒಂದು ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆಯನ್ನೂ ನಾಲ್ಕಾರು ಕ್ಯಾಸೆಟ್ಟುಗಳನ್ನೂ ಸುಮ್ಮನೆ ಕೊಟ್ಟುಬಿಟ್ಟರು. ಹಾಕಿ ನೋಡಿದರೆ ಎಲ್ಲವೂ ಜಪಾನಿ ಭಾಷೆಯವು. ಪಲ್ಲವಿಗೆ ಇಷ್ಟವಾದ ಕ್ಯಾಸೆಟ್ಟಿನಲ್ಲಿ ಕೊರಳಿಗೆ ಕೆಂಪು ವಸ್ತ್ರ ಸುತ್ತಿದ ಒಬ್ಬ ಕತ್ತಿ ಹಿಡಿದು ಊರೂರು ತಿರುಗುತ್ತಿದ್ದ. ಸಿಕ್ಕವರೆಲ್ಲ ಅವನ ಹತ್ತಿರ ಏನೋ ಹೇಳುತ್ತಿದ್ದರು, ಅದು ಕೆಳಗಿನ ಚೌಕದಲ್ಲಿ ಅಕ್ಷರವಾಗಿ ಮೂಡುತ್ತಿತ್ತು. ಹೊಲಿಗೆ ಬಿಚ್ಚಿದ ದಾರದಂಥ ಅಕ್ಷರಗಳು. ಅಳಿಯಂದಿರು ಇಂಟರ್ನೆಟ್ಟಿನಲ್ಲಿ ಹುಡುಕಿ, ಈ ಆಟ ಇಂಗ್ಲಿಷಿಗೆ ಆಗಿಯೇ ಇಲ್ಲ, ಅಮೆರಿಕಕ್ಕೂ ಹೋಗಿಲ್ಲ, ಇಂಗ್ಲೆಂಡಿಗೂ ಹೋಗಿಲ್ಲ, ಜಪಾನು ಬಿಟ್ಟು ಹೊರಗೇ ಬಂದಿಲ್ಲ ಎಂದು ಹೇಳಿದರು. ಹಾಗೆ ಜಗತ್ತು ನೋಡದ ಆಟ ನಜ್ಮಾದ ದರ್ಜಿಯ ಅಂಗಡಿಯ ಮೇಲೆ ಬಂದು ಕೂತಿತ್ತು. ನಾನೂ ಹಾಗೇ ಬಂದು ಕೂತಿದ್ದೆನಾದ್ದರಿಂದ ಅದರ ಮೇಲೆ ನನಗೆ ಕನಿಕರ ಬಂತು.

"ಅಜ್ಜಿ, ಶೀ ಏನ್ ಹೇಳ್ತಾಳ?" ಎಂದು ಪಲ್ಲವಿ ಒಂದು ಸಂಜೆ ಕೇಳಿದಳು. ಅವಳ ಕನ್ನಡ ಆಗ ಇಂಗ್ಲಿಷು ಬೆರೆತು ಅಷ್ಟೇ ಇತ್ತು. ಪರದೆಯ ಮೇಲೆ ನೀರಿನ ಕೊಡದ ಹೆಂಗಸೊಬ್ಬಳು ನಿಂತಿದ್ದಳು. ಅಜ್ಜಿಗೆ ಎಲ್ಲ ಗೊತ್ತು ಎಂದು ನಂಬುವ ವಯಸ್ಸು ಮಕ್ಕಳಿಗೆ ಬಹಳ ದಿನ ಇರುವುದಿಲ್ಲ, ಸುಮ್ಮನೆ ಕಳೆದುಕೊಳ್ಳಬಾರದು. "ಎರಡು ದಿನದಿಂದ ನಳ ಬಂದಿಲ್ಲ ಅಂತಾಳ" ಎಂದೆ. ಅಲ್ಲಿಂದ ಶುರುವಾಯಿತು. ಆ ಆಟದಲ್ಲಿ ಎಷ್ಟು ಜನರಿದ್ದರೋ ಅಷ್ಟೂ ಜನರಿಗೆ ನಾನು ಮಾತು ಕೊಟ್ಟೆ. ಆ ಕತ್ತಿ ಹಿಡಿದ ವೀರನೊಬ್ಬನೇ ಯಾರು ಏನು ಹೇಳಿದರೂ ತುಟಿ ಬಿಚ್ಚುತ್ತಿರಲಿಲ್ಲ. ಕಲ್ಲಿನ ಹಾಗೆ ನಿಂತಿರುತ್ತಿದ್ದನೆಂದು ಅವನಿಗೆ ಕಲ್ಲಪ್ಪ ಎಂದು ಹೆಸರಿಟ್ಟೆ. ಒಂದು ಮಾತೂ ಆಡದೆ ರಾಜ್ಯ ಉಳಿಸಲು ಹೊರಟವನನ್ನು ನಾನು ಮೊದಲ ಸಲ ನೋಡಿದ್ದು, ಬಹಳ ಧೈರ್ಯ ಬಂತು. ಅವನ ನಡತೆ ಮಾತ್ರ ಒಳ್ಳೆಯದಿರಲಿಲ್ಲ. ಹೇಳದೆ ಕೇಳದೆ ಯಾರದೋ ಮನೆಗೆ ನುಗ್ಗಿ, ಸಂದೂಕ ತೆರೆದು, ಇದ್ದದ್ದನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದ. ಮನೆಯವರು ನೋಡುತ್ತ ನಿಂತಿರುತ್ತಿದ್ದರು. ನಮ್ಮ ಬೀಗರಲ್ಲೂ ಅಂಥವರಿದ್ದಾರೆ, ಹೆಸರು ಬೇಡ. ಅವನು ಆಗಾಗ ಕಪ್ಪೆಯಂಥ ಪ್ರಾಣಿಗಳ ಕೈಯಲ್ಲಿ ಸಾಯುತ್ತಿದ್ದ. ಆಗ ಪಲ್ಲವಿ "ಖಲಾಸ್" ಎಂದು ಮತ್ತೆ ಮೊದಲಿಂದ ಹಚ್ಚುತ್ತಿದ್ದಳು.

ಕೆಲವು ದಿನಕ್ಕೆ ಅಳಿಯಂದಿರೂ ಪ್ಲಾಂಟಿನಿಂದ ಬಂದವರೇ ಮುಖ ತೊಳೆದು ಮಗಳ ಪಕ್ಕ ಕೂತು ಆಡತೊಡಗಿದರು. ನಾನು ಬಾಗಿಲಲ್ಲೇ ಇದ್ದು, ಪಲ್ಲವಿಗೆ ಹೇಳುವಂತೆ ಕಥೆ ಹೇಳುತ್ತಿದ್ದೆ. ಆಗೊಂದು ದಿನ, ತುಪ್ಪಳದ ನಿಲುವಂಗಿ ತೊಟ್ಟ ದಪ್ಪನೆಯ ರಾಜ ಕಾಣಿಸಿಕೊಂಡಾಗ, ನನ್ನ ಮೊಣಕಾಲು ಬಹಳ ನೋಯುತ್ತಿತ್ತು. "ಕಲ್ಲಪ್ಪಾ, ಈ ಅರಮನ್ಯಾಗ ಥಂಡಿ ಭಾಳ ಐತಿ, ಆ ಎಸಿ ಸ್ವಲ್ಪ ಕಡಿಮಿ ಮಾಡಪಾ ಅಂತಾನ ರಾಜ" ಎಂದುಬಿಟ್ಟೆ.

"ಜಪಾನದ ರಾಜಗ ಎಸಿ ಎಲ್ಲಿಂದ ಬಂತವ್ವಾ?" ಎಂದಳು ಸವಿತಾ.

ಶ್ರೀಮಂತ ರಾಜ ಎಂದೆ. ಅಳಿಯಂದಿರು ಎದ್ದುಹೋಗಿ ಎಸಿ ಕಡಿಮೆ ಮಾಡಿ ಬಂದು, "ಪಲ್ಲು, ಕಡಿಮಿ ಮಾಡೀನಿ ಅಂತ ರಾಜಗ ಹೇಳು" ಎಂದರು.

ಅಂದಿನಿಂದ ನಮ್ಮ ಸಂಭಾಷಣೆ ಸಲೀಸಾಯಿತು. ನಸುಕಿನ ಬಸ್ಸಿಗೆ ಹೋಗುವವರು ನಾಷ್ಟಾ ಬಿಡಬಾರದು ಎಂದು ಆಟದ ಕಮ್ಮಾರ ಹೇಳಿದ, ಮರುದಿನದಿಂದ ಅಳಿಯಂದಿರು ಡಬ್ಬಿ ಒಯ್ದರು. ಬದನೆಕಾಯಿ ಪಲ್ಯಕ್ಕೆ ಖಾರ ಹೆಚ್ಚಾಗುತ್ತಿದೆ ಎಂದು ಅವರು ಒಬ್ಬ ಸಿಪಾಯಿಗೆ ತಿಳಿಸಿದರು, ನಾನು ಕಡಿಮೆ ಮಾಡಿದೆ. ಸಿಟ್ಟು ಬಂದರೆ ಅಪ್ಪನಾದವನು ಮಗಳ ಮೇಲೆ ಧ್ವನಿ ಏರಿಸಬಾರದು ಎಂಬುದನ್ನು ಮಂತ್ರವಾದಿಯೊಬ್ಬ ಬಹಳ ವಿಸ್ತಾರವಾಗಿ ಹೇಳಿದ. ನಿಮ್ಮ ಅಜ್ಜ ಹೋದ ಮೇಲೆ ಉಳಿದಿದ್ದ ಮಾತೆಲ್ಲ ಆ ಹೊಸ್ತಿಲಲ್ಲಿ ಕೂತು ಖರ್ಚು ಮಾಡಿದೆ. ಅಷ್ಟರಲ್ಲಿ ತಿಂಗಳು ಮುಗಿಯುತ್ತ ಬಂತು.

ನನಗೆ ಹೋಗಲು ಮನಸ್ಸಿರಲಿಲ್ಲ. ಕಲ್ಲಪ್ಪನ ಕಥೆ ಅರ್ಧಕ್ಕೆ ನಿಲ್ಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಊರಲ್ಲಿ ನನಗಾಗಿ ಮಾತಾಡಲು ರಾಜನಿಲ್ಲ, ಕಮ್ಮಾರನಿಲ್ಲ ಎಂಬುದು ನಿಜವಾದ ಕಾರಣ. ವೀಸಾ ಮುಂದುವರಿಸಬಹುದಿತ್ತು. ಆದರೆ ಅಳಿಯಂದಿರು ರಟ್ಟಿನ ಪೆಟ್ಟಿಗೆ ತಂದು, ಖರ್ಜೂರ, ಹಾಲಿನ ಪುಡಿ, ನೋವಿನ ಮುಲಾಮು, ಒಂದು ದಪ್ಪ ಕಂಬಳಿ ಎಲ್ಲ ತುಂಬಿ ಟೇಪು ಸುತ್ತತೊಡಗಿದ್ದರು. ಸವಿತಾ ಅಡುಗೆಮನೆಗೆ ಬಂದು ಮೆಲ್ಲಗೆ ಬೈದಳು. "ಇರಬೇಕಂದ್ರ ಬಾಯಿಬಿಟ್ಟು ಹೇಳವ್ವಾ. ಅವ್ರು ನೀ ಅಂದ ಮಾತ ಹಿಡ್ಕೊಂಡು ಕುಂತಾರ."

ಅವರೇ ಇರ್ರಿ ಅನ್ನಲಿ ಎಂದೆ. ಹಾಗಂದರೆ ಹಿರಿಯರಿಗೆ ಒತ್ತಾಯ ಮಾಡಿದಂತಾಗುತ್ತದೆ, ಅವರಿಗೆ ಊರ ನೆನಪಾಗಿರುತ್ತದೆ ಎಂದು ಅಳಿಯಂದಿರು ಹಿಂಜರಿಯುತ್ತಿದ್ದರಂತೆ. "ಒಬ್ಬರಿಗಿಂತ ಒಬ್ಬರು ಶಾಣ್ಯಾರದೀರಿ" ಎಂದು ಸವಿತಾ ಬೇಳೆಯ ಡಬ್ಬಿಯನ್ನು ಸ್ವಲ್ಪ ಜೋರಾಗಿ ಇಟ್ಟು ಹೊರಗೆ ಹೋದಳು.

ಹೊರಡುವ ಮೊದಲಿನ ಶುಕ್ರವಾರ, ಅಲ್ಲಿ ರಜೆಯ ದಿನ. ಮಧ್ಯಾಹ್ನದ ಊಟವಾಗಿತ್ತು. ಕಟ್ಟಿದ ಪೆಟ್ಟಿಗೆಗಳು ಟಿವಿಯ ಪಕ್ಕದಲ್ಲೇ ಕೂತಿದ್ದವು. ಕಲ್ಲಪ್ಪ ಒಂದು ಗವಿಯ ಬಾಯಿಗೆ ಬಂದ. ಅಲ್ಲೊಂದು ಗುಡಿಸಲು, ಬಾಗಿಲಲ್ಲಿ ಸೆರಗು ಹೊದ್ದಂತೆ ಏನನ್ನೋ ಹೊದ್ದ ಮುದುಕಿ. ಅವಳು ಮಾತಾಡಿದಳು, ಮಾತು ಮುಗಿದ ಮೇಲೆ ಪಕ್ಕದಲ್ಲಿ ಎರಡು ಸಾಲು ಮೂಡಿದವು. ಮೇಲಿನದು ಹೌದು, ಕೆಳಗಿನದು ಇಲ್ಲ ಎಂಬಷ್ಟು ಜಪಾನಿ ನಮಗೆ ಅಷ್ಟರಲ್ಲಿ ಬಂದಿತ್ತು. ಪಲ್ಲವಿ ನನ್ನ ಕಡೆ ತಿರುಗಿದಳು. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ.

"ಕಲ್ಲಪ್ಪಾ, ನಾ ಇನ್ನ ಊರಿಗೆ ಹೊಂಡಲೇನು ಅಂತ ಕೇಳಾಕತ್ತಾಳ."

ಅಳಿಯಂದಿರು ಕೆಳಗಿನ ಸಾಲು ಒತ್ತಿದರು. ನನ್ನ ಜೀವ ಹಗುರಾಯಿತು. ಆದರೆ ಮುದುಕಿ ಒಪ್ಪಲಿಲ್ಲ, ಏನೋ ಅಂದು ಮತ್ತೆ ಅದೇ ಎರಡು ಸಾಲು ತಂದಳು. ಈಗ ನಾನು ಏನಾದರೂ ಹೇಳಲೇಬೇಕು. ಉಪಚಾರಕ್ಕೆ ಹೇಳಬೇಡ, ಖರೆ ಹೇಳು, ಹೊಂಡಲೇನು ಅಂತಾಳ ಎಂದೆ. ಅವರು ಮತ್ತೆ ಕೆಳಗಿನದನ್ನೇ ಒತ್ತಿದರು. ಮುದುಕಿ ಮತ್ತೆ ಕೇಳಿದಳು. ಸಾಮಾನೆಲ್ಲ ಕಟ್ಟಿ ಆಗಿದೆ, ಜನ ಏನಂದಾರು, ಹೊಂಡಲೇನು ಅಂತಾಳ ಎಂದೆ. ಅವರು ಒತ್ತಿದರು. ಅವಳು ಕೇಳಿದಳು. ನನ್ನ ಹತ್ತಿರ ಮಾತು ಮುಗಿದುಹೋಗಿತ್ತು, ಆ ಮುದುಕಿಯ ಹತ್ತಿರ ಮುಗಿದಿರಲಿಲ್ಲ. ನಾಚಿಕೆಯೇ ಇಲ್ಲದ ಹೆಂಗಸು.

ಅಳಿಯಂದಿರು ಕೈಯಲ್ಲಿದ್ದುದನ್ನು ಕೆಳಗಿಟ್ಟರು.

"ಬ್ಯಾಡ್ರಿ ಅಂತ ಹೇಳಾಕತ್ತೀನಲ್ರಿ. ಎಷ್ಟ್ ಸಲ ಹೇಳಬೇಕ್ರಿ ಈ ಮುದುಕಿಗೆ?"

ಹೇಳಿದ್ದು ಟಿವಿಗೆ, ಆದರೆ ಮುಖ ಅಡುಗೆಮನೆಯ ಕಡೆಗಿತ್ತು. ಮುದುಕಿ ಅಂದುಬಿಟ್ಟದ್ದು ಹೊಳೆದು ಅವರು ನಾಲಿಗೆ ಕಚ್ಚಿಕೊಂಡರು. ಸವಿತಾ ಕಿಟಕಿಯ ಕಡೆ ತಿರುಗಿ ನಿಂತಳು, ನಗುವಿಗೆ ಅವಳ ಬೆನ್ನು ಅಲುಗುತ್ತಿತ್ತು. ಯಾರಾದರೂ ಏನಾದರೂ ಅನ್ನಬೇಕಿತ್ತು. ಅಲ್ಲಿ ರಾಜನಿರಲಿಲ್ಲ, ಸಿಪಾಯಿಯಿರಲಿಲ್ಲ.

"ಒಂದ್ ಸಲ ಹೇಳಿದ್ರ ಸಾಕಿತ್ರಿ" ಎಂದೆ.

ಅಳಿಯಂದಿರ ಜೊತೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. ರಜೆ ಮುಗಿದು ಕಚೇರಿ ತೆರೆದ ದಿನವೇ ಅವರು ನನ್ನ ಪಾಸ್‌ಪೋರ್ಟು ತೆಗೆದುಕೊಂಡು ಹೋಗಿ ವೀಸಾ ಮುಂದುವರಿಸಿದರು. ಪೆಟ್ಟಿಗೆಯ ಟೇಪು ಕಿತ್ತು ಖರ್ಜೂರವನ್ನು ನಾವೇ ತಿಂದೆವು.

ಹಾಗೆ ಕಥೆಯ ಕೊನೆ ನೋಡಲೆಂದು ಉಳಿದೆನಲ್ಲ, ಕೊನೆ ಬರಲಿಲ್ಲ. ಗವಿಯಲ್ಲಿ ಕಗ್ಗತ್ತಲು. ಮುದುಕಿ ಕೇಳಿ ಕೇಳಿ ಸಾಕಾಗಿ ಬಿಟ್ಟ ಮೇಲೆ ಒಳಗೆ ಹೋದ ಕಲ್ಲಪ್ಪ ಪ್ರತಿ ಸಲವೂ ಬಾವಲಿಗಳ ಕೈಯಲ್ಲಿ ಖಲಾಸ್ ಆಗಿ ಮತ್ತೆ ಮುದುಕಿಯ ಗುಡಿಸಲಿಗೆ ಬರುತ್ತಿದ್ದ, ಅವಳು ಮತ್ತೆ ಕೇಳುತ್ತಿದ್ದಳು. ಒಮ್ಮೆ ಮೇಲಿನ ಸಾಲು ಒತ್ತಿ ನೋಡೋಣ ಎಂದು ಪಲ್ಲವಿ ಅಂದಾಗ ಅಳಿಯಂದಿರು, "ಮನೀಗೆ ಬಂದ ಹಿರೇರಿಗೆ ಹಂಗನಬಾರದು" ಎಂದು ಗದರಿಸಿದರು. ವೀಸಾ ಪೂರ್ತಿ ಮುಗಿದು ನಾನು ಊರಿಗೆ ಬರುವವರೆಗೂ ಅವರು ಕೆಳಗಿನದನ್ನೇ ಒತ್ತಿದರು.

ಪಲ್ಲವಿ ಹತ್ತನೇ ಕ್ಲಾಸಿಗೆ ಬಂದಾಗ ದೋಹಾದಿಂದ ಫೋನು ಮಾಡಿದಳು. ಆ ಆಟದ ಮೇಲೆ ಪ್ರೀತಿಯಿದ್ದವರು ಯಾರೋ, ಸಂಬಳವಿಲ್ಲದೆ ಕೂತು, ಅದನ್ನು ಇಂಗ್ಲಿಷಿಗೆ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದರಂತೆ. ಅವಳು ಓದಿ ನೋಡಿದಳು. ನಮ್ಮ ರಾಜ ಹೇಳಿದ್ದು ಹಡಗು ನಡೆಸುವ ರೀತಿ. ಮಂತ್ರವಾದಿ ಮಂತ್ರವಾದಿಯೇ ಅಲ್ಲ, ಕ್ಷೌರಿಕ. ಇನ್ನು ಆ ಮುದುಕಿ, ಗವಿಯಲ್ಲಿ ಹಿಡಿದುಕೊಂಡು ಹೋಗಲು ಕಲ್ಲಪ್ಪನಿಗೊಂದು ದೀಪ ಕೊಡಲು ಕೂತಿದ್ದಳು. ಅವನ ಚೀಲದಲ್ಲಿ ಜಾಗವಿರಲಿಲ್ಲ. "ಇದರಲ್ಲಿ ಕೆಲಸಕ್ಕೆ ಬಾರದ ಹಳೆಯದೊಂದಿದೆ, ಬಿಸಾಡಲೇ?" ಎಂದು ಕೇಳುತ್ತಿದ್ದಳಂತೆ.

ಹಳೆಯದು ಎಂದರೆ ಏನು ಎಂದು ಕೇಳಿದೆ. ತೂತು ಬಿದ್ದ ಬಾಣಲೆ ಎಂದಳು. ನಿಮ್ಮಪ್ಪನಿಗೆ ಹೇಳಿದೆಯಾ ಎಂದೆ. ಹೇಳಿದಳಂತೆ. ಅವರು ಪೇಪರಿನಿಂದ ತಲೆ ಎತ್ತದೆ "ಇರಲಿ ಬಿಡು" ಅಂದರಂತೆ.

ಈಗ ಮತ್ತೆ ದೋಹಾಕ್ಕೆ ಬರಲು ಹೇಳಿಕಳಿಸಿದ್ದಾರೆ. ಒಂದು ತಿಂಗಳಿದ್ದು ಬರುತ್ತೇನೆ ಎಂದು ಸವಿತಾಳ ಮೂಲಕ ತಿಳಿಸಿದ್ದೇನೆ. ಅಳಿಯಂದಿರು ಟಿಕೆಟ್ಟು ಕಳಿಸಿದ್ದಾರೆ, ಅದರಲ್ಲಿ ವಾಪಸ್ಸಿನ ತಾರೀಖು ಹಾಕಿಸಿಲ್ಲ. ಈಗ ನಾವಿಬ್ಬರೂ ಫೋನಿನಲ್ಲಿ ನೇರವಾಗಿಯೇ ಮಾತಾಡುತ್ತೇವೆ. ಆರಾಮ ಇದ್ದೀರೇನ್ರಿ ಎಂದು ಅವರು ಕೇಳುತ್ತಾರೆ, ಆರಾಮ ಇದ್ದೀನ್ರಿ ಎಂದು ನಾನು ಹೇಳುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಆ ಹಳೆಯ ಆಟದ ಪೆಟ್ಟಿಗೆಯನ್ನು ಒರೆಸಿ ಇಟ್ಟಿರಲು ಪಲ್ಲವಿಗೆ ಹೇಳಿದ್ದೇನೆ. ಇಂಗ್ಲಿಷಿನದು ಬೇಡ, ಜಪಾನಿಯದೇ ಇರಲಿ. ಅದರಲ್ಲಾದರೆ ನನಗೆ ಚೆನ್ನಾಗಿ ಮಾತು ಬರುತ್ತದೆ.